ಕೀಲಿ ಅಂದರೆ ಬೀಗವೋ, ಬೀಗದ ಕೈಯೋ?

ನಮಸ್ಕಾರ. ಗದಗಿನಲ್ಲಿ ಡಿಪ್ಲೊಮಾ ಹುಡುಗರಿಗೆ ಕ್ರಿಪ್ಟೋಗ್ರಫಿ, ಅಂದರೆ ಸಂದೇಶಗಳನ್ನು ಗುಟ್ಟಾಗಿ ಕಾಪಾಡುವ ವಿದ್ಯೆ, ಕಲಿಸುತ್ತೇನೆ. ಪಬ್ಲಿಕ್ ಕೀ (ಜೋಡಿ ಕೀಗಳಲ್ಲಿ ಎಲ್ಲರಿಗೂ ಕೊಡುವಂಥದ್ದು; ಇನ್ನೊಂದು ಗುಟ್ಟಿನದು) ಇರುವ ಫೈಲನ್ನು ಲೋಡ್ ಮಾಡುವ ಒಂದು ಸಣ್ಣ ಪ್ರೋಗ್ರಾಮಿನ ಸಂದೇಶಗಳನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ.

ಮೊದಲನೆಯದು ಕೀಲಿ. ನಮ್ಮ ಕಡೆ "ಕೀಲಿ ಹಾಕಿದೇನು?" ಅಂತ ಅವ್ವ ಕೇಳಿದರೆ, ಬಾಗಿಲಿಗೆ ಬೀಗ ಹಾಕಿದೆಯಾ ಅಂತ ಅರ್ಥ. ಅದನ್ನು ತೆಗೆಯುವುದು ಕೀಲಿಕೈ, ಇಲ್ಲವೇ ಚಾವಿ. ಆದರೆ ಕಂಪ್ಯೂಟರ್ ಕನ್ನಡದಲ್ಲಿ ಕೀಬೋರ್ಡ್ ಕೀಲಿಮಣೆ ಆಗಿದೆ, ಕೀ ಅಂದರೆ ಕೀಲಿ ಅಂತಲೇ ನಿಂತುಬಿಟ್ಟಿದೆ.

ಮೊನ್ನೆ ಬೋರ್ಡಿನ ಮೇಲೆ "ಸಾರ್ವಜನಿಕ ಕೀಲಿ" ಅಂತ ಬರೆದೆ. ರೋಣದ ಕಡೆಯ ಹುಡುಗನೊಬ್ಬ ತಟ್ಟನೆ ಅಂದ: "ತಿಳೀತ್ರಿ ಸರ್. ಕೀಲಿ ಊರಿಗೆಲ್ಲಾ ಹಂಚೂದು, ಕೀಲಿಕೈ ನಮ್ಮ ಕಿಸೇದಾಗ ಇಟ್ಕೊಳ್ಳೂದು." ನನಗೆ ಬಹಳ ಖುಷಿಯಾಯಿತು. ಗುಟ್ಟಿನ ಪತ್ರ ಕಳಿಸುವ ಮಟ್ಟಿಗೆ ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಯಾರು ಬೇಕಾದರೂ ಕೀಲಿ ಜಡಿಯಬಹುದು, ತೆಗೆಯುವವನು ಒಬ್ಬನೇ.

ತೊಂದರೆ ಬರುವುದು ಡಿಜಿಟಲ್ ಸಹಿಯಲ್ಲಿ. ಅಲ್ಲಿ ಗುಟ್ಟಿನ ಕೀಯಿಂದ ಸಹಿ ಆಗುತ್ತದೆ, ಪಬ್ಲಿಕ್ ಕೀಯಿಂದ ಅದನ್ನು ತಾಳೆ ನೋಡುತ್ತಾರೆ. ಬೀಗ ಇಟ್ಟುಕೊಂಡು ಸಹಿ ತಾಳೆ ನೋಡುವುದು ಹೇಗೆ ಹೇಳಿ? 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಸಂಶೋಧಕರು ಈ ಕೀ ಜೋಡಿಯನ್ನು ಮುಂದಿಟ್ಟಾಗ ಎರಡನ್ನೂ ಕೀ ಅಂತಲೇ ಕರೆದರು. ಹಾಗಾದರೆ ನಾವೂ ಎರಡಕ್ಕೂ ಕೀಲಿಕೈ ಅನ್ನೋಣವೇ? "ಬಹಿರಂಗ ಕೀಲಿಕೈ", "ಗುಟ್ಟಿನ ಕೀಲಿಕೈ" ಅಂದರೆ ಹುಬ್ಬಳ್ಳಿಯವರಿಗೂ ಮೈಸೂರಿನವರಿಗೂ ಗೊಂದಲ ಇರಲ್ಲ ಅಂತ ನನ್ನ ಅನಿಸಿಕೆ. ಆ ಹುಡುಗನ ಮಾತು ಕೈಬಿಡಲು ಮಾತ್ರ ಮನಸ್ಸು ಬರುತ್ತಿಲ್ಲ.

ಎರಡನೆಯದು ಎನ್‌ಕೋಡ್, ಅಂದರೆ ಮಾಹಿತಿಯನ್ನು ಗೊತ್ತಾದ ಒಂದು ರೂಪಕ್ಕೆ ತರುವುದು. "ಸಂಕೇತಿಸಿದ ಕೀ" ಅಂತ ಬರೆದಿದ್ದೆ. ಒಬ್ಬಳು ಅದನ್ನು ತೆರೆಯಲು ಪಾಸ್‌ವರ್ಡ್ ಕೇಳಿದಳು! ತಪ್ಪು ಅವಳದಲ್ಲ, ಪದದ್ದು. ಎನ್‌ಕೋಡ್ ಮಾಡಿದ್ದರಲ್ಲಿ ಮುಚ್ಚಿಡುವುದು ಏನೂ ಇಲ್ಲ. 2048 ಬಿಟ್‌ನ ಆರ್‌ಎಸ್‌ಎ ಎಂಬ ವಿಧಾನದ ಪಬ್ಲಿಕ್ ಕೀ ಸಾಮಾನ್ಯವಾಗಿ 294 ಬೈಟ್ ಇರುತ್ತದೆ. ಬೈಟ್‌ಗಳನ್ನು ಅಕ್ಷರಗಳಲ್ಲಿ ಬರೆಯುವ ಬೇಸ್64 ಎಂಬ ಕ್ರಮ ಮೂರು ಬೈಟಿಗೆ ನಾಲ್ಕು ಅಕ್ಷರದಂತೆ ಅದನ್ನು 392 ಅಕ್ಷರ ಮಾಡುತ್ತದೆ, ಅಷ್ಟೇ. ಪ್ರೋಗ್ರಾಮು ಲೋಡ್ ಮಾಡುವಾಗ ಮತ್ತೆ ಬೈಟಿಗೆ ತಿರುಗಿಸಿ, ಯಾವ ವಿಧಾನದ ಕೀ ಅಂತ ನೋಡಿ, ಒಳಗಿನ ಸಂಖ್ಯೆಗಳನ್ನು ತೆಗೆದುಕೊಳ್ಳುತ್ತದೆ.

"ಅಕ್ಷರಕ್ಕಿಳಿಸಿದ" ಅಂತ ಯೋಚಿಸಿದೆ. ಬೇಸ್64ಕ್ಕೆ ಚೆನ್ನಾಗಿ ಕೂರುತ್ತದೆ. ಆದರೆ ಕೀಯನ್ನು ಬೈಟ್‌ಗಳಾಗಿ ಜೋಡಿಸಿಡುವ ಡಿಇಆರ್ ಎಂಬ ಕ್ರಮ ಕೂಡ ಎನ್‌ಕೋಡಿಂಗೇ, ಅಲ್ಲಿರುವುದು ಬರೀ ಬೈಟ್. ಎರಡಕ್ಕೂ ಸಲ್ಲುವ, ಗುಟ್ಟಿನ ವಾಸನೆ ಇಲ್ಲದ ಪದ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದೀರಾ? ಹಾಗೇ, ಹಾವೇರಿ, ರಾಣೆಬೆನ್ನೂರಿನ ಕಡೆಯವರು ಮನೆಯಲ್ಲಿ ಬೀಗಕ್ಕೆ ಏನಂತೀರಿ, ಅದೂ ತಿಳಿಸಿ.