ಪದಚರ್ಚೆ: ‘ಬಿಗಿಗೊಳಿಸಿ’ ಅಂದರೆ ಎಷ್ಟು ಬಿಗಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾರ್ ಸರ್ವಿಸ್ ಸೆಂಟರ್‌ಗಳಿಗೆ ಕಲಿಯಲು ಬರುವ ಮೊದಲ ವರ್ಷದವರಿಗಾಗಿ ಕನ್ನಡ ಕೈಪಿಡಿಯೊಂದು ತಯಾರಾಗುತ್ತಿದೆ. ಎರಡು ಪದಗಳು ಕಾಡುತ್ತಿವೆ. ಅಪ್ರೆಂಟಿಸ್ ಅನ್ನಲು ಸರ್ಕಾರಿ ಪ್ರಕಟಣೆಗಳಲ್ಲಿ ಬರುವ ‘ಶಿಶಿಕ್ಷು’ ಬಳಸಬಹುದೇ? ಇನ್ನು, ಚಕ್ರದ ನಟ್ ಹಾಕುವ ಪಾಠದಲ್ಲಿ ಮೂರು ಹಂತಗಳಿದ್ದರೂ ಕರಡಿನಲ್ಲಿ ಮೂರು ಕಡೆಯೂ ‘ಬಿಗಿಗೊಳಿಸಿ’ ಎಂದೇ ಇದೆ. ಟಾರ್ಕ್‌ಗೆ, ಅಂದರೆ ನಟ್ಟನ್ನು ಎಷ್ಟು ಜೋರಾಗಿ ತಿರುಗಿಸಬೇಕು ಎಂಬ ಅಳತೆಗೆ, ‘ತಿರುಚುಬಲ’ ಎಂದು ಬರೆದಿದ್ದೇವೆ. ಸರಿಯೇ?

ಉತ್ತರ:

‘ಶಿಶಿಕ್ಷು’ ತಪ್ಪಲ್ಲ. ಮುಮುಕ್ಷು, ಜಿಜ್ಞಾಸು ಇದ್ದ ಹಾಗೆ, ಕಲಿಯಬೇಕೆಂದಿರುವವರು ಎಂಬ ಅರ್ಥ. ಆದರೆ ಅದನ್ನು ಗ್ಯಾರೇಜಿನಲ್ಲಿ ಯಾರೂ ಬಾಯಲ್ಲಿ ಆಡುವುದಿಲ್ಲ. ಒಪ್ಪಂದ ಪತ್ರದ ಅಧ್ಯಾಯದಲ್ಲಿ ಒಮ್ಮೆ ಬರಲಿ, ಉಳಿದೆಡೆ ‘ಅಪ್ರೆಂಟಿಸ್’ ಸಾಕು. ‘ಹೆಲ್ಪರ್’, ‘ಕೈಯಾಳು’ ಮಾತ್ರ ಬೇಡ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ಕೆಲಸಗಾರರಲ್ಲ, ತರಬೇತಿ ಪಡೆಯುವವರು. ಅವರಿಗೆ ಸಿಗುವುದು ಕೂಲಿಯಲ್ಲ, ಸ್ಟೈಪೆಂಡ್. ಹೆಲ್ಪರ್ ಎಂದು ಬರೆದರೆ ಕಲಿಸುವ ಹೊಣೆಯೇ ಮಾತಿನಿಂದ ಜಾರಿಹೋಗುತ್ತದೆ.

ಎರಡನೆಯದು ಹೆಚ್ಚು ಮುಖ್ಯ, ಏಕೆಂದರೆ ಅಲ್ಲಿ ಪದ ತಪ್ಪಿದರೆ ಚಕ್ರ ಕಳಚುತ್ತದೆ. ಮೂರು ಹಂತಕ್ಕೆ ಮೂರು ಕ್ರಿಯಾಪದ ಕೊಡಿ: ಹಿಡಿಸು, ಕೂರಿಸು, ಟಾರ್ಕ್ ಕೊಡು.

‘ಹಿಡಿಸು’ ಅಂದರೆ ನಟ್ಟನ್ನು ಬೆರಳಿನಿಂದಲೇ ಥ್ರೆಡ್‌ಗೆ ಹಿಡಿಸಿ ಮೂರು ನಾಲ್ಕು ಸುತ್ತು ಓಡಿಸುವುದು. ಇಲ್ಲಿ ಗನ್ (ಗಾಳಿ ಅಥವಾ ಕರೆಂಟಿನಿಂದ ನಟ್ ತಿರುಗಿಸುವ ಯಂತ್ರ) ಮುಟ್ಟಬಾರದು. ನಟ್ ಓರೆಯಾಗಿ ಹಿಡಿದಿದ್ದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಗನ್ನಿಗೆ ಗೊತ್ತಾಗುವುದಿಲ್ಲ, ಥ್ರೆಡ್ ಕಿತ್ತುಕೊಂಡೇ ಒಳಗೆ ಹೋಗುತ್ತದೆ.

‘ಕೂರಿಸು’ ಗ್ಯಾರೇಜಿನವರದೇ ಮಾತು, ‘ನಟ್ ಕೂತ್ಕೊಂತಾ ನೋಡು’ ಅನ್ನುತ್ತಾರೆ. ಕಾರು ಜಾಕಿಯ ಮೇಲಿರುವಾಗಲೇ ಸ್ಪ್ಯಾನರಿನಿಂದ ನಟ್ಟಿನ ಇಳಿಜಾರು ಮುಖ ಚಕ್ರದ ಗುಳಿಗೆ ಸರಿಯಾಗಿ ಕೂರುವಷ್ಟು ತಿರುಗಿಸುವುದು. ನಾಲ್ಕು ನಟ್ ಇದ್ದರೆ ಎದುರುಬದುರು, ಐದಿದ್ದರೆ ನಕ್ಷತ್ರ ಬಿಡಿಸುವ ಹಾಗೆ ಒಂದು ಬಿಟ್ಟು ಒಂದು. ಸುತ್ತಲೂ ಸಾಲಾಗಿ ಹೋದರೆ ಚಕ್ರ ಒಂದು ಕಡೆಗೆ ಒರಗಿ ಕೂರುತ್ತದೆ. ಆಮೇಲೆ ಎಷ್ಟೇ ಬಿಗಿಸಿದರೂ ಅದು ಸುಳ್ಳು ಬಿಗಿ: ಕಾರು ಓಡುತ್ತಾ ಹೋದಂತೆ ಸಡಿಲವಾಗಬಹುದು.

‘ಟಾರ್ಕ್ ಕೊಡು’ ಮೂರನೆಯದು. ಟೈರ್ ನೆಲಕ್ಕೆ ತಾಗಿ ತಿರುಗದ ಹಾಗೆ ಕಾರನ್ನು ಇಳಿಸಿ, ಟಾರ್ಕ್ ರೆಂಚಿನಿಂದ (ಗೊತ್ತುಮಾಡಿಟ್ಟ ಅಂಕಿ ಮುಟ್ಟಿದಾಗ ‘ಟಕ್’ ಅನ್ನುವ ಸ್ಪ್ಯಾನರ್) ಅದೇ ಕ್ರಮದಲ್ಲಿ ಬಿಗಿಸುವುದು. ಸಣ್ಣ ಕಾರುಗಳಲ್ಲಿ ಈ ಟಾರ್ಕ್ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಇರುತ್ತದೆ. ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ. ಸ್ಟಡ್ಡಿಗೆ (ನಟ್ ಹಾಕುವ ಬೋಲ್ಟ್‌ಗೆ) ಆಯಿಲ್, ಗ್ರೀಸ್ ಹಚ್ಚಬಾರದು. ಘರ್ಷಣೆ ಕಡಿಮೆಯಾಗಿ ಅದೇ ಅಂಕಿಗೆ ಸ್ಟಡ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ‘ಫುಲ್ ಟೈಟ್’ ಅನ್ನುವ ಅಭ್ಯಾಸದ ಅಪಾಯವೂ ಇದೇ. ಸ್ಟಡ್ ಹಿಗ್ಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ.

‘ತಿರುಚುಬಲ’ ಬಿಟ್ಟುಬಿಡಿ. ಟಾರ್ಕ್ ಬರೀ ಬಲವಲ್ಲ, ಬಲ ಮತ್ತು ದೂರದ ಗುಣಲಬ್ಧ. ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 40 ಕೆಜಿ ಭಾರದಷ್ಟು ಒತ್ತಿದರೆ ಹತ್ತಿರ ಹತ್ತಿರ 100 ನ್ಯೂಟನ್ ಮೀಟರ್. ಹಿಡಿ ಅರ್ಧ ಮೀಟರ್ ಆದರೆ 20 ಕೆಜಿಯೇ ಸಾಕು. ‘ಬಲ’ ಎಂದು ಓದಿದ ಕಲಿಯುವವರು ಸ್ಪ್ಯಾನರಿಗೆ ಪೈಪ್ ತೂರಿಸಿ ಅಷ್ಟೇ ಬಲ ಹಾಕಿದರೆ ಸ್ಟಡ್ ಮುರಿಯಬಹುದು. ‘ಟಾರ್ಕ್’ ಎಂದೇ ಇರಲಿ, ಲೆಕ್ಕವನ್ನು ಚಿತ್ರದಲ್ಲಿ ತೋರಿಸಿ. ಹಳೆಯ ಮ್ಯಾನ್ಯುಯಲ್‌ಗಳಲ್ಲಿ ಕೆಜಿ-ಮೀಟರ್ ಇರುತ್ತದೆ, ಅದನ್ನು 9.8ರಿಂದ ಗುಣಿಸಬೇಕು ಎಂದೂ ಸೇರಿಸಿ.

ಇನ್ನೊಂದು ಉತ್ತರ:

ಮೇಲಿನ ಮೂರೂ ಕ್ರಿಯಾಪದಗಳಿಗೆ ನನ್ನ ಒಪ್ಪಿಗೆ. ಆದರೆ ಎಲ್ಲ ಕಡೆಗೂ ಮೂರೂ ಹೊಂದುವುದಿಲ್ಲ. ತಿರುಗಿಸಿ ಕೂರಿಸುವ ಆಯಿಲ್ ಫಿಲ್ಟರ್‌ಗೆ ಸಾಮಾನ್ಯವಾಗಿ ಟಾರ್ಕ್ ರೆಂಚ್ ಬಳಸುವುದಿಲ್ಲ: ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು. ಅಲ್ಲಿ ‘ಬಿಗಿಸು’ ಬದಲು ‘ಮುಕ್ಕಾಲು ಸುತ್ತು ತಿರುಗಿಸು’ ಎಂದೇ ಬರೆಯಿರಿ. ಎಂಜಿನ್ನಿನ ಮೇಲ್ಭಾಗವನ್ನು ಹಿಡಿದಿಡುವ ಸಿಲಿಂಡರ್ ಹೆಡ್ ಬೋಲ್ಟಿಗೆ ಹಲವು ಎಂಜಿನ್‌ಗಳಲ್ಲಿ ಮೊದಲು ಟಾರ್ಕ್, ಆಮೇಲೆ 90 ಡಿಗ್ರಿಯ ಹಾಗೆ ಕೋನದ ಲೆಕ್ಕ. ಅದಕ್ಕೆ ‘ಕಾಲು ಸುತ್ತು’ ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ.

ಟಾರ್ಕ್ ರೆಂಚಿನ ಶಬ್ದಕ್ಕೆ ಕರಡಿನಲ್ಲಿ ‘ಕ್ಲಿಕ್ ಧ್ವನಿ ಹೊರಹೊಮ್ಮುವವರೆಗೆ’ ಎಂದಿದ್ದರೆ ತೆಗೆದುಹಾಕಿ, ‘ಟಕ್ ಅಂದ ಕೂಡಲೇ ನಿಲ್ಲಿಸು’ ಎಂದು ಬರೆಯಿರಿ. ಖಾತ್ರಿಗೆಂದು ಎರಡನೇ ಸಲ, ಮೂರನೇ ಸಲ ಟಕ್ ಅನ್ನಿಸಿದರೆ ನಟ್ ಅಂಕಿ ದಾಟಬಹುದು. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಿಮೆ ಅಂಕಿಗೆ ಇಳಿಸಿಡಬೇಕು ಎಂಬುದೂ ಅದೇ ಪುಟದಲ್ಲಿರಲಿ. ಹೆಚ್ಚಿನ ಅಂಕಿಯಲ್ಲೇ ಬಿಟ್ಟರೆ ಒಳಗಿನ ಸ್ಪ್ರಿಂಗ್ ಸೋತು, ಮುಂದೆ ಅದು ತೋರಿಸುವ ಅಂಕಿಯೇ ತಪ್ಪಾಗುತ್ತದೆ.