ಅಪ್‌ಡೇಟ್: ಬಟ್ಟೆ ಆನೆಯ ತಲೆ ಕೊನೆಗೂ ನೆಟ್ಟಗೆ ನಿಂತಿತು

ಅಕ್ಕನ ಮಗಳಿಗೆ ಹೊಲಿದ ಆನೆಮರಿಯ ತಲೆ ಪಕ್ಕಕ್ಕೆ ವಾಲುತ್ತದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ತಲೆ ದೊಡ್ಡದು, ಮೈ ಚಿಕ್ಕದು. ಈಗ ನೆಟ್ಟಗೆ ಕೂತಿದೆ!

ಕೆಲಸಕ್ಕೆ ಬಂದಿದ್ದು ಕುತ್ತಿಗೆ ಗಟ್ಟಿ ಮಾಡಿ ಅಂದವರ ಸಲಹೆ. ತಲೆಯ ಹೊಲಿಗೆ ಬಿಚ್ಚಿದೆ. ಫೈಬರ್ ಹತ್ತಿಯನ್ನು ಚೂರು ಚೂರಾಗಿ ಬಿಡಿಸಿ, ಪೆನ್ಸಿಲ್ಲಿನ ಹಿಂಬದಿಯಿಂದ ಕುತ್ತಿಗೆಯೊಳಗೆ ಒತ್ತಿ ಒತ್ತಿ ತುಂಬಿದೆ. ಬೆರಳಲ್ಲಿ ಅದುಮಿದರೂ ತಗ್ಗಬಾರದು, ಅಷ್ಟು ಗಟ್ಟಿ. ಆಮೇಲೆ ಜೋಡಿ ಎಳೆಯ ದಪ್ಪ ದಾರದಲ್ಲಿ ಲ್ಯಾಡರ್ ಸ್ಟಿಚ್. ಸೂಜಿ ತಲೆಯ ಬಟ್ಟೆಯಲ್ಲಿ ಒಂದು ಚೂರು ಹೋಗಬೇಕು, ಎದುರಿಗೆ ಕುತ್ತಿಗೆಯ ಬಟ್ಟೆಯಲ್ಲಿ ಒಂದು ಚೂರು. ನಾಲ್ಕೈದು ಹೊಲಿಗೆಯಾದ ಮೇಲೆ ದಾರ ಎಳೆದರೆ ಎರಡೂ ಅಂಚು ಒಳಗೆ ಮಡಚಿಕೊಂಡು ಹೊಲಿಗೆಯೇ ಕಾಣುವುದಿಲ್ಲ. ನೋಡೋಕೆ ಎಷ್ಟು ಚಂದ! ಹೀಗೆ ಕುತ್ತಿಗೆಗೆ ಎರಡು ಸುತ್ತು ಹಾಕಿದೆ.

ತಲೆಗೆ ಇನ್ನಷ್ಟು ಹತ್ತಿ ತುಂಬಿದ್ದು ಉಪಯೋಗಕ್ಕೆ ಬರಲಿಲ್ಲ. ಭಾರ ಜಾಸ್ತಿಯಾಗಿ ಇನ್ನೂ ವಾಲಿತು. ರಟ್ಟಿನ ಸುರುಳಿ ಇಟ್ಟಾಗ ನಿಂತಿತು, ಆದರೆ ಒಗೆದರೆ ನೆನೆದು ಮೆತ್ತಗಾಗುತ್ತದೆ. ತೆಗೆದುಬಿಟ್ಟೆ.

ಹೊಸದಾಗಿ ತಿಳಿದದ್ದು ಬಟ್ಟೆ ಹಿಗ್ಗುವ ದಿಕ್ಕಿನ ವಿಷಯ. ಮಿಂಕಿ ಅನ್ನೋ ಮೆತ್ತನೆಯ, ನುಣುಪು ರೋಮದ ಬಟ್ಟೆ ಒಂದು ಕಡೆಗೆ ಜಾಸ್ತಿ ಹಿಗ್ಗುತ್ತದೆ. ಆ ದಿಕ್ಕು ಮೈ ಸುತ್ತ ಬಂದರೆ ಹೊಟ್ಟೆ ಗುಂಡಗಾಗುತ್ತದೆ, ಮೇಲಿಂದ ಕೆಳಕ್ಕೆ ಬಂದರೆ ಕುತ್ತಿಗೆ, ಕಾಲು ಉದ್ದವಾಗುತ್ತವೆ. ಪ್ಯಾಟರ್ನ್ (ಬಟ್ಟೆ ಕತ್ತರಿಸೋಕೆ ಇಡುವ ಅಚ್ಚು) ಇಡುವ ಮೊದಲೇ ಬಟ್ಟೆ ಎಳೆದು ನೋಡಿ.

ಗುಂಡಿ ಕಣ್ಣು ಬೇಡ ಅಂದವರಿಗೂ ಥ್ಯಾಂಕ್ಸ್. ಮಗುವಿಗೆ ಇನ್ನೂ 3 ವರ್ಷ ತುಂಬಿಲ್ಲ, ಕಿತ್ತು ಬಾಯಿಗೆ ಹಾಕಿಕೊಂಡರೆ ಅಪಾಯ ಅಲ್ವಾ? ಕಪ್ಪು ಎಂಬ್ರಾಯ್ಡರಿ ದಾರದಲ್ಲೇ ಕಣ್ಣು ಹೊಲಿದಿದ್ದೇನೆ.