ಸಹಾಯ ಬೇಕು: ಮಳೆಗೆ ಹೆದರುವ ಮಕ್ಕಳಿಗೆ ಮಣ್ಣಿನ ಪಾಠ ಹೇಗೆ ಮಾಡುವುದು?

ಎಲ್ಲ ಮೇಷ್ಟ್ರುಗಳಿಗೂ ಟೀಚರ್‌ಗಳಿಗೂ ನಮಸ್ಕಾರ. ನಾನು ಮಡಿಕೇರಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಈ ಸಲದ ಮಳೆಗೆ ಪಕ್ಕದ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜರಿದು ಕೆಲವು ಮನೆ ಹೋದವು. ಜೀವಕ್ಕೇನೂ ಆಗಲಿಲ್ಲ. ಆದರೆ ಆ ಮನೆಗಳ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. ಹೆಂಚಿನ ಮೇಲೆ ಮಳೆ ಜೋರಾದರೆ ಸಾಕು, ಪೆನ್ಸಿಲ್ ಇಟ್ಟು ಕಿಟಕಿ ಕಡೆ ನೋಡುತ್ತಾರೆ.

ಮುಂದೆ ಮಣ್ಣಿನ ಸವಕಳಿ ಪಾಠ ಮಾಡಬೇಕು. ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ. ಇವರಿಗೇ ಅಲ್ವಾ ಅದು ಗೊತ್ತಿರಬೇಕಾದದ್ದು? ನೀರು ಇಂಗಿ ಮಣ್ಣು ಭಾರವಾಗುತ್ತದೆ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ ದೊಡ್ಡವರಿಗೆ ಹೇಳಿ ಅಲ್ಲಿಂದ ದೂರ ಹೋಗಬೇಕು. ಇದನ್ನೆಲ್ಲ ಹೆದರಿಸದೆ ಹೇಳಬೇಕು. ಎರಡು ಟ್ರೇಗೆ ಮಣ್ಣು ತುಂಬಿ, ಒಂದರಲ್ಲಿ ಹುಲ್ಲು ಬೆಳೆಸಿ, ನೀರು ಸುರಿದು ತೋರಿಸುವ ಪ್ರಯೋಗ ಇದೆಯಲ್ಲ, ಅದನ್ನು ಈ ಮಕ್ಕಳ ಕಣ್ಣೆದುರು ಈಗಲೇ ಮಾಡಬಹುದೇ?

ನಮ್ಮ ಕೊಡಗಿನಲ್ಲೇ 2018ರ ಆಗಸ್ಟ್‌ನ ಭೂಕುಸಿತದ ನಂತರ ಮಕ್ಕಂದೂರು, ಜೋಡುಪಾಲ ಕಡೆ, 2019ರ ಭೂಕುಸಿತದ ನಂತರ ತೋರ ಗ್ರಾಮದ ಕಡೆ ಪಾಠ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಶಾಲೆ ತೆರೆದ ಮೊದಲ ದಿನಗಳಲ್ಲಿ ಏನು ಮಾಡಿದಿರಿ? ಚಿತ್ರ ಬಿಡಿಸಲು ಕೊಟ್ಟಿರಾ, ಸುಮ್ನೆ ಆಟ ಆಡಿಸಿದಿರಾ? ನಡೆದದ್ದನ್ನು ಹೇಳು ಅಂತ ಮಕ್ಕಳನ್ನು ಒತ್ತಾಯ ಮಾಡಬಾರದು, ಅಷ್ಟು ಗೊತ್ತು. ಹೇಳತೊಡಗಿದರೆ ಏನು ಮಾಡಬೇಕು ಅನ್ನುವುದೇ ನನ್ನ ಕಷ್ಟ.

ರಜೆಯಲ್ಲಿ ತಪ್ಪಿದ ಪಾಠಗಳೂ ಜಾಸ್ತಿ ಇವೆ. ಗಣಿತದಲ್ಲಿ ಯಾವುದನ್ನು ಮೊದಲು ಹಿಡಿಯಲಿ? ಐದನೇ ತರಗತಿಯ ಹಳೇ ಪುಸ್ತಕ ಇದ್ದವರು ತಿಳಿಸಿ, ನಾನೇ ಬಂದು ತೆಗೆದುಕೊಳ್ಳುತ್ತೇನೆ.